ವಿಮಾನಕ್ಕೆ ಕೊಳೆ ಹಚ್ಚುವ ಕೆಲಸ

ನಮ್ಮ ಮನೆಯವರು ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಸೇಡಂನ ಮನೆಗೆ ಬಂದರೆಂದರೆ ಮೊದಲು ಮೋಟರ್‌ಸೈಕಲ್ ತೊಳೆಯಬೇಕು, ಆಮೇಲೆ ತಮ್ಮ ಮುಖ. ಮೊನ್ನೆ ಅವರು ಪೈಪು ಹಿಡಿದು ನಲ್ಲಿ ತಿರುಗಿಸುವಷ್ಟರಲ್ಲಿ ನಾನು ಒಳಗಿನಿಂದ ಓಡಿಬಂದೆ.

“ತಡೀರಿ, ತಡೀರಿ! ತೊಳೀಬ್ಯಾಡ್ರಿ!”

“ಯಾಕ? ಏನಾತು?”

“ಧೂಳು ನೋಡಬೇಕಾಗ್ಯಾದ.”

ದಾರಿಯಲ್ಲಿ ಚಿತ್ತಾಪುರ ದಾಟಿದ ಮೇಲೆ ನಾಲ್ಕು ಹನಿ ಮಳೆ ಬಿದ್ದಿತ್ತಂತೆ. ಬೂದು ಧೂಳಿನ ಮೇಲೆ ಬಿದ್ದ ಹನಿಗಳನ್ನು ಗಾಳಿ ಹಿಂದಕ್ಕೆ ಎಳೆದುಕೊಂಡು ಹೋಗಿ ಪೆಟ್ರೋಲ್ ಟ್ಯಾಂಕಿನ ಮೇಲೆಲ್ಲ ಸಣ್ಣ ಸಣ್ಣ ಬಾಲಗಳು ಮೂಡಿದ್ದವು. ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಆ ಬಾಲಗಳ ಫೋಟೋ ತೆಗೆಯತೊಡಗಿದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, “ಏನರ ಆಕ್ಸಿಡೆಂಟ್ ಆಗ್ಯಾದೇನ್ರಿ?” ಎಂದು ಕೇಳಿದರು. ನಮ್ಮ ಮನೆಯವರು ನೀರು ಸುರಿಯುವ ಪೈಪನ್ನು ತುಳಸಿ ಗಿಡದ ಕಡೆ ತಿರುಗಿಸಿ, “ಇಲ್ರಿ. ಹೊಲಸಿಂದು ಫೋಟೋ ತಗೀಲಿಕತ್ತಾಳ,” ಎಂದರು. ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ ಅವರ ಧ್ವನಿಯಲ್ಲಿ ಈಗ ಯಾವ ಆಶ್ಚರ್ಯವೂ ಉಳಿದಿಲ್ಲ.

ವಿಷಯ ಇಷ್ಟೇ. ನಾನು ಯುದ್ಧವಿಮಾನಗಳನ್ನು ಮಾಡುತ್ತೇನೆ. ಪ್ಲಾಸ್ಟಿಕ್ಕಿನವು, ಉದ್ದ ಒಂದಡಿ ಮೀರದವು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಚೂರುಗಳನ್ನು ಅಂಟಿಸಿ, ಉಜ್ಜಿ, ಬಣ್ಣ ಬಳಿಯುವುದು ಅರ್ಧ ಕೆಲಸ. ಉಳಿದರ್ಧ ಅದನ್ನು ಹಳತು ಮಾಡುವುದು. ನಮ್ಮ ಹವ್ಯಾಸದವರು ಇದಕ್ಕೆ ವೆದರಿಂಗ್ ಎನ್ನುತ್ತಾರೆ. ರೆಕ್ಕೆಯ ಗೆರೆಗಳಲ್ಲಿ ತೆಳುವಾದ ಕಪ್ಪು ಬಣ್ಣ ಹರಿಸಬೇಕು. ಸ್ಪಂಜಿನ ಚೂರನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿ ಅಂಚುಗಳಿಗೆ ತಾಗಿಸಿದರೆ ಬಣ್ಣ ಚಕ್ಕೆಯೆದ್ದಂತೆ ಕಾಣುತ್ತದೆ. ಹೊಗೆ ಬಿಡುವಲ್ಲಿ ಮಸಿಯ ಪುಡಿ ತಿಕ್ಕಬೇಕು. ಹಾರದ ವಿಮಾನವನ್ನು ಹಾರಿ ದಣಿದು ಬಂದಂತೆ ತೋರಿಸುವ ಸುಳ್ಳು ಇದು. ಸುಳ್ಳು ಎಂದ ಮೇಲೆ ಚೆನ್ನಾಗಿ ಹೇಳಬೇಕಲ್ಲ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ನಾನು ದಂತವೈದ್ಯೆ. ಹಗಲಿಡೀ ಜನರ ಹಲ್ಲಿನಿಂದ ಗುಟ್ಕಾ, ತಂಬಾಕು, ಚಹಾದ ಕಲೆಗಳನ್ನು ಕೆರೆದು ತೆಗೆಯುತ್ತೇನೆ. ಸಂಜೆ ಮನೆಗೆ ಬಂದು, ಅದೇ ತರಹದ ಸಲಕರಣೆಗಳನ್ನು ಹಿಡಿದು, ಅದೇ ತರಹದ ಕಂದು ಕಲೆಗಳನ್ನು ಇನ್ನೊಂದು ಕಡೆ ಹಚ್ಚುತ್ತೇನೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ತಾಳ್ಮೆ ಬೇಕು ಎಂದು ಯಾರಾದರೂ ಕೇಳಿದರೆ, ಕಲೆ ಹಚ್ಚುವುದಕ್ಕೆ ಎಂದು ಹೇಳಬೇಕಾದೀತು. ಕೆರೆದ ಹಲ್ಲು ಸ್ವಲ್ಪ ಕಡಿಮೆ ಬೆಳ್ಳಗಾದರೂ ರೋಗಿ ಖುಷಿಪಡುತ್ತಾನೆ. ಹಚ್ಚಿದ ಕಲೆ ಸ್ವಲ್ಪ ಹೆಚ್ಚಾದರೂ ವಿಮಾನ ಕಸದ ಬುಟ್ಟಿಯಲ್ಲಿ ಬಿದ್ದು ಎದ್ದು ಬಂದಂತೆ ಕಾಣುತ್ತದೆ.

ನನಗೆ ಈ ಹುಚ್ಚು ಹಿಡಿದದ್ದು ಸುಲೇಪೇಟದಲ್ಲಿ. ಬೀದರಿನ ಕಡೆಯಿಂದ ತರಬೇತಿ ವಿಮಾನಗಳು ನಮ್ಮ ಊರಿನ ಮೇಲೆ ಹಾದುಹೋಗುತ್ತಿದ್ದವು. ಮಾಳಿಗೆಯ ಮೇಲೆ ತೊಗರಿ ಒಣಗಲು ಹಾಕಿ, ಗುಬ್ಬಿ ಓಡಿಸಲು ನನ್ನನ್ನು ಕೂಡಿಸಿರುತ್ತಿದ್ದರು. ಸದ್ದು ಕೇಳಿದರೆ ಗುಬ್ಬಿಗಳು ತಾವೇ ಹಾರಿಹೋಗುತ್ತಿದ್ದವು. ನಾನು ಎರಡೂ ಕೈ ಎತ್ತಿ ಬೀಸುತ್ತಿದ್ದೆ. ಕೆಳಗಿನಿಂದ ನಮ್ಮಜ್ಜಿ ಕೂಗುತ್ತಿದ್ದಳು: “ಬೀದರದ ಹುಡುಗರು ಕಲೀಲಿಕತ್ತಾರ! ಕಲಿಯೋರ ಕೆಳಗ ನಿಂದರಬಾರದು, ಒಳಗ ಬಾ!” ಅವಳ ಪಾಲಿಗೆ ವಿಮಾನ ಕಲಿಯುವುದೂ ಸೈಕಲ್ ಕಲಿಯುವುದೂ ಒಂದೇ. ಬೀಳುವುದು ಖಚಿತ, ಯಾರ ಮೇಲೆ ಎಂಬುದಷ್ಟೇ ಪ್ರಶ್ನೆ.

ಆಮೇಲೆ ಒಂದು ಸಲ ಹೈದರಾಬಾದಿನಿಂದ ಬಂದ ನಮ್ಮ ಸೋದರಮಾವ ನನ್ನ ತಮ್ಮನಿಗೆಂದು ವಿಮಾನದ ಪೆಟ್ಟಿಗೆಯೊಂದನ್ನು ತಂದರು. ಅವನು ಪೆಟ್ಟಿಗೆ ತೆರೆದು, ಒಳಗೆ ವಿಮಾನವಿಲ್ಲ, ಬರೀ ಚೂರುಗಳಿವೆ ಎಂದು ಅತ್ತು, ಚೆಂಡು ಹಿಡಿದು ಹೊರಗೆ ಹೋದ. ಚೂರುಗಳು ನನ್ನ ಪಾಲಿಗೆ ಬಂದವು. ಅಂಟಿಸಿದ್ದಾಯಿತು, ಒಂದು ಚಕ್ರ ನನ್ನ ಹೆಬ್ಬೆರಳಿಗೇ ಅಂಟಿತು. ಬಣ್ಣವೆಲ್ಲಿ? ಚಿಕ್ಕಮ್ಮನ ಉಗುರುಬಣ್ಣದ ಶೀಶೆ ಸಿಕ್ಕಿತು. ಹೀಗಾಗಿ ನನ್ನ ಮೊದಲ ಯುದ್ಧವಿಮಾನ ಮಿರಮಿರ ಮಿಂಚುವ ಗುಲಾಬಿ ಬಣ್ಣದ್ದು. ಯಾವ ಶತ್ರುವೂ ಅದನ್ನು ನೋಡಿ ಹೆದರುತ್ತಿರಲಿಲ್ಲ, ಹೆಚ್ಚೆಂದರೆ ನಾಚಿಕೊಳ್ಳುತ್ತಿದ್ದ.

ಈಗ ಸೇಡಂನ ನನ್ನ ದವಾಖಾನೆಯಲ್ಲಿ, ರೋಗಿಗಳು ಕೂಡುವ ಕೋಣೆಯ ಗೋಡೆಗೆ ಒಂದು ಗಾಜಿನ ಕಪಾಟಿದೆ. ಬೇರೆ ದಂತವೈದ್ಯರು ಅಲ್ಲಿ ದೊಡ್ಡ ಹಲ್ಲಿನ ಗೊಂಬೆ ಇಡುತ್ತಾರೆ. ನಾನು ವಿಮಾನಗಳನ್ನಿಟ್ಟಿದ್ದೇನೆ. ಹಲ್ಲು ಕೀಳಿಸಿಕೊಳ್ಳಲು ಬಂದವರು ಬಾಂಬರ್ ನೋಡುತ್ತ ಕೂಡಬೇಕಾಗುತ್ತದೆ.

ಒಂದು ದಿನ ಚಿತ್ತಾಪುರದಿಂದ ಗಂಡ ಹೆಂಡತಿ ಬಂದರು. ಎಪ್ಪತ್ತು ದಾಟಿದ ಮಲ್ಕಣ್ಣ, ಅವರಿಗಿಂತ ಸ್ವಲ್ಪ ಚಿಕ್ಕವರಾದ ಚಂದಮ್ಮ. ಮೂಲ ದಂಡೋತಿಯವರು. ಮಲ್ಕಣ್ಣನವರ ಬಾಯಲ್ಲಿ ಹಲ್ಲು ಉಳಿದಿರಲಿಲ್ಲ. ಪೂರ್ತಿ ಸೆಟ್ಟು ಆಗಬೇಕಿತ್ತು. ನಾನು ಅವರನ್ನು ಕರೆಯಲು ಹೊರಗೆ ಬಂದಾಗ ಚಂದಮ್ಮ ಬೆಂಚಿನ ಮೇಲೆ ಕುಳಿತಿದ್ದರು. ಮಲ್ಕಣ್ಣನವರು ಕಪಾಟಿನ ಮುಂದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತಿದ್ದರು. ಅವರ ಮುಂದಿದ್ದದ್ದು ಒಂದು ಮಿಗ್ ಯುದ್ಧವಿಮಾನ. ಅದರ ಹೊಟ್ಟೆಯ ಕೆಳಗೆ ಎಣ್ಣೆ ಸೋರಿದ ಕಲೆಗಳನ್ನು ಮೂಡಿಸಲು ನಾನು ಹಲವಾರು ಸಂಜೆಗಳನ್ನು ಕಳೆದಿದ್ದೆ.

“ಇದು ಯಾರ ಕೈಯಾಗಿತ್ತರಿ?” ಎಂದು ಕೇಳಿದರು.

ನಾನು ಉಬ್ಬಿದೆ. “ನಂದೇರಿ. ನಾನೇ ಮಾಡೀನಿ.”

“ಅದಲ್ರಿ ಮೇಡಂ. ಇದನ್ನ ನೋಡಿಕೊಳ್ಳಾಂವ ಯಾರಿದ್ದ ಅಂತ ಕೇಳ್ದೆ. ಎಣ್ಣಿ ಹಿಂಗ ಇಳೀಲಿಕ್ಕ ಬಿಟ್ಟಾನಲ್ಲ.”

ಇಲ್ಲದ ಒಬ್ಬ ಮನುಷ್ಯನ ಮೇಲೆ ಅವರಿಗೆ ನಿಜವಾಗಿಯೂ ಸಿಟ್ಟು ಬಂದಂತಿತ್ತು. ನನಗೂ ಸ್ವಲ್ಪ ಬಂತು. ಅಂದು ಮನೆಗೆ ಹೋಗಿ ನಿಜವಾದ ಮಿಗ್‌ಗಳ ಹಳೆಯ ಫೋಟೋಗಳನ್ನು ತೆಗೆದು ನೋಡಿದೆ. ಎಣ್ಣೆ ಅಲ್ಲಿ ಹಾಗೆಯೇ ಇಳಿದಿತ್ತು, ನಾನು ಇಳಿಸಿದ್ದಕ್ಕಿಂತ ಒಂದು ಕೈ ಹೆಚ್ಚೇ. ಸರಿಯಾಗಿದ್ದವಳು ನಾನೇ. ಆದರೆ ಅದನ್ನು ಅವರಿಗೆ ತೋರಿಸಲು ಹೋಗಲಿಲ್ಲ. ಅಷ್ಟರಲ್ಲಿ ಬೇರೆ ಸಂಗತಿ ತಿಳಿದಿತ್ತು.

ಹಲ್ಲಿನ ಸೆಟ್ಟು ಮಾಡುವ ಮುನ್ನ ಬಾಯಿಯ ಅಚ್ಚು ತೆಗೆಯಬೇಕು. ಗುಲಾಬಿ ಬಣ್ಣದ ಹಿಟ್ಟನ್ನು ಕಲಸಿ, ತಟ್ಟೆಯಲ್ಲಿ ತುಂಬಿ, ಬಾಯೊಳಗೆ ಒತ್ತಿ, ಅದು ಗಟ್ಟಿಯಾಗುವವರೆಗೆ ಹಿಡಿದಿರಬೇಕು. ಆ ಹೊತ್ತಿನಲ್ಲಿ ರೋಗಿ ಮಾತಾಡುವಂತಿಲ್ಲ, ತಲೆ ಅಲ್ಲಾಡಿಸುವಂತಿಲ್ಲ. ಮಲ್ಕಣ್ಣನವರ ಬಾಯಿಗೆ ಹಿಟ್ಟು ಹೋದದ್ದೇ ತಡ, ಮೂಲೆಯ ಸ್ಟೂಲಿನಲ್ಲಿದ್ದ ಚಂದಮ್ಮ ತಮ್ಮ ಸರದಿ ಬಂದವರಂತೆ ಮುಂದೆ ಸರಿದರು.

“ಡಾಕ್ಟರವ್ವಾ, ಇವ್ರು ಇಮಾನದ ಖಾತೆದಾಗ ಇದ್ರು. ಮಿಲಿಟ್ರಿ ಇಮಾನ. ನೀವು ಹೊರಗ ಇಟ್ಟೀರಲ್ಲ, ಅದರಂಥಾವು. ಅದನ್ನ ರೆಡಿ ಮಾಡಿ ಬಿಡೋದು ಇವ್ರ ಕೆಲಸ.”

ಮಲ್ಕಣ್ಣನವರು “ಊಂ!” ಎಂದರು.

“ನೀವು ಸುಮ್ಮಕ ಕುಂದರ್ರಿ. ಬಾಯಿ ಖಾಲಿ ಇದ್ದಾಗ ಒಮ್ಮಿನೂ ಹೇಳಿಲ್ಲ, ಈಗ ನಾ ಹೇಳ್ತೀನಿ.” ಚಂದಮ್ಮ ನನ್ನ ಕಡೆ ತಿರುಗಿದರು. “ಲಗ್ನ ಆದ ಹೊಸತಾಗ ನಾ ಅವರ ಕ್ವಾರ್ಟರ್ಸಿನಾಗ ಇದ್ದೆ. ಉತ್ತರದ ಕಡಿ. ಹಿಂದಿ ಬರ್ತಿದ್ದಿಲ್ಲ ನನಗ. ಒಂದಿನ ಮುಂಜಾನಿ ಇವ್ರು ರೆಡಿ ಮಾಡಿ ಬಿಟ್ಟ ಇಮಾನ ಹೋತು. ಮತ್ತ ಬರಲಿಲ್ಲ. ಅದನ್ನ ಹಾರಿಸೋ ಆಫೀಸರ್ ಸಾಬ ನಮ್ಮ ಇವ್ರಕಿನ್ನ ಸಣ್ಣಾಂವ.”

“ಊಂ. ಊಂಹೂಂ.”

“ಹಕ್ಕಿ ಬಡದದ ಅಂತ ಹೇಳಿದ್ರು ದೊಡ್ಡ ಸಾಬರು. ಇವ್ರದು ಏನೂ ತಪ್ಪಿಲ್ಲ ಅಂದ್ರು. ಬೆನ್ನ ತಟ್ಟಿ ಕಳಿಸಿದ್ರು. ಖರೆ, ಇವ್ರಿಗೆ ಅದು ಬಗೀಹರಿಲಿಲ್ಲ. ರಿಟೈರಾಗಿ ಬಂದು ಚಿತ್ತಾಪುರದಾಗ ಪಂಪಿನ ಮೋಟರ್ ರಿಪೇರಿ ಅಂಗಡಿ ಇಟ್ರು. ಯಾರದರ ಹೊಲದಾಗ ಮೋಟರ್ ಕೂಡಿಸಿ, ಚಾಲೂ ಮಾಡಿ, ಮನಿಗಿ ಬಂದು ಉಣ್ಣಲಿಕ್ಕ ಕುಂತೋರು ಎದ್ದು, ಸೈಕಲ್ ಹತ್ತಿ ಮತ್ತ ಆ ಹೊಲಕ್ಕ ಹೋಗೋರು. ಯಾಕ್ರಿ ಅಂದ್ರ, ಏನರ ಬಿಟ್ಟೀನೇನೋ ನೋಡಿ ಬರ್ತೀನಿ ಅನ್ನೋರು. ಹಿಂಗ ಎಷ್ಟ ಉಣ್ಣೋದು ಆರಿ ಹೋಗ್ಯಾವ ನನ್ನ ಮನಿಯಾಗ.”

ಹಿಟ್ಟು ಆಗಲೇ ಗಟ್ಟಿಯಾಗಿತ್ತು. ತಟ್ಟೆಯನ್ನು ನಾನು ಇನ್ನೂ ಹಿಡಿದುಕೊಂಡೇ ಇದ್ದೆ. ಮಲ್ಕಣ್ಣನವರು ಮೇಲಿನ ದೀಪವನ್ನು ನೋಡುತ್ತ ಮಲಗಿದ್ದರು. ಕೊನೆಗೆ ಅಚ್ಚು ಹೊರಗೆ ತೆಗೆದಾಗ ಬಾಯಿ ಮುಕ್ಕಳಿಸಿ, ಕರವಸ್ತ್ರದಿಂದ ತುಟಿ ಒರೆಸಿಕೊಂಡು, “ಅಚ್ಚು ಛಲೋ ಬಂತೇನ್ರಿ?” ಎಂದಷ್ಟೇ ಕೇಳಿದರು. ಬಂದಿತ್ತು. ಅಷ್ಟು ಒಳ್ಳೆಯ ಅಚ್ಚು ನನಗೆ ಅಪರೂಪಕ್ಕೆ ಸಿಗುತ್ತದೆ.

ಮುಂದಿನ ಸಲ ಮೇಣದ ಮೇಲೆ ಕೂಡಿಸಿದ ಹಲ್ಲುಗಳನ್ನು ಬಾಯಲ್ಲಿಟ್ಟು ನೋಡಲು ಕರೆಸಿದ್ದೆ. ಎಲ್ಲ ಮುಗಿದ ಮೇಲೂ ಮಲ್ಕಣ್ಣನವರು ಕುರ್ಚಿಯಿಂದ ಏಳಲಿಲ್ಲ.

“ಮೇಡಂ, ನನಗ ಒಂದು ಇಮಾನ ಮಾಡಿ ಕೊಡ್ತೀರೇನ್ರಿ?”

ಚಂದಮ್ಮ ಥಟ್ಟನೆ ಅವರ ಕಡೆ ನೋಡಿದರು. ಈ ಮಾತು ಮನೆಯಲ್ಲಿ ಆಡಿ ಬಂದದ್ದಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

“ಕೊಡ್ತೀನ್ರಿ,” ಎಂದೆ. “ನಿಮ್ಮದೇನು, ಹಸಿರು ಬಣ್ಣದ್ದಾ?”

“ಬೆಳ್ಳಿದು. ಬೆಳ್ಳಗ ಬೆಳ್ಳಿ. ಅವತ್ತ ಮುಂಜಾನಿ ಹೆಂಗಿತ್ತೋ ಹಂಗ. ಹೊಲಸ ಹಚ್ಚಬ್ಯಾಡ್ರಿ. ನಾ ನಸಿಕಿನಾಗ ಎದ್ದು ಒರಸಿ ಬಿಟ್ಟಿದ್ದೆ ಅದನ್ನ.”

“ಬಾಲದ ಮೇಲೆ ನಂಬರು ಇರ್ತದಲ್ರಿ. ನೆನಪದಾ?”

ಅವರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ, “ನಂಬರ್ ಬ್ಯಾಡ್ರಿ. ನಂಬರ್ ಹಾಕಿದ್ರ ಅದೇ ಆಗಿಬಿಡ್ತದ,” ಎಂದರು.

ನಾನು ಒಪ್ಪಿಕೊಂಡೆ. ಒಪ್ಪುವಾಗ ಅದು ಸುಲಭದ ಕೆಲಸ ಎಂದುಕೊಂಡಿದ್ದೆ. ಅರ್ಧ ಕೆಲಸ ಮಾಡಿದರೆ ಸಾಕು, ಉಳಿದರ್ಧ ಬೇಡ ಎಂದು ಗಿರಾಕಿಯೇ ಹೇಳುತ್ತಿದ್ದಾರಲ್ಲ. ಶುರು ಮಾಡಿದ ಮೇಲೆ ಗೊತ್ತಾಯಿತು, ಇಷ್ಟು ವರ್ಷ ನನ್ನ ವಿಮಾನಗಳ ಮಾನ ಕಾಪಾಡಿದ್ದು ಕೊಳೆ. ಎರಡು ಚೂರು ಸೇರುವಲ್ಲಿ ಸಣ್ಣ ಬಿರುಕು ಉಳಿದರೆ ಅಲ್ಲಿ ಎಣ್ಣೆ ಸೋರಿಸಿಬಿಡುತ್ತಿದ್ದೆ. ಬಣ್ಣ ಗುಳ್ಳೆ ಎದ್ದರೆ ಅಲ್ಲೇ ಚಕ್ಕೆ ಎಬ್ಬಿಸುತ್ತಿದ್ದೆ. ಬೆರಳಚ್ಚು ಬಿದ್ದರೆ ಅದರ ಮೇಲೆ ಮಸಿ. ಬೆಳ್ಳಿ ಬಣ್ಣ ಇದಾವುದಕ್ಕೂ ಜಗ್ಗುವುದಿಲ್ಲ. ಒಂದು ಕೂದಲೆಳೆ ಬಿದ್ದರೂ ಹಗ್ಗ ಬಿದ್ದಂತೆ ಎತ್ತಿ ತೋರಿಸುತ್ತದೆ.

ಸೇಡಂನಲ್ಲಿ ಧೂಳಿಲ್ಲದ ಜಾಗ ಎಲ್ಲಿಂದ ತರುವುದು? ಕೊನೆಗೆ ಬಚ್ಚಲುಮನೆ ಹೊಳೆಯಿತು. ನೆಲಕ್ಕೂ ಗೋಡೆಗೂ ನೀರು ಚೆಲ್ಲಿ, ಗಾಳಿಯ ಧೂಳೆಲ್ಲ ಕೆಳಗೆ ಕೂತ ಮೇಲೆ, ಬಾಗಿಲು ಹಾಕಿಕೊಂಡು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ವಿಮಾನ ಇಟ್ಟು, ಏರ್‌ಬ್ರಷ್ಷಿನಿಂದ ಬಣ್ಣ ಸಿಂಪಡಿಸತೊಡಗಿದೆ. ಹೊರಗೆ ನಮ್ಮ ಮನೆಯವರು ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

“ಆತೇನು?”

“ಎರಡನೇ ಕೋಟು ಒಣಗ್ಲಿಕತ್ತದ.”

“ನಾ ಯಾವಾಗ ಜಳಕ ಮಾಡ್ಲಿ?”

“ಹಬೆ ಎದ್ರ ಬಣ್ಣ ಮಾಸ್ತದ. ಇವತ್ತೊಂದಿನ ಹಂಗೇ ಹೋಗ್ರಿ.”

ಅವರು ಹಾಗೆಯೇ ಹೋದರು. ಒಮ್ಮೆಯಲ್ಲ. ನಾನು ಬಣ್ಣ ಬಳಿಯುವುದು, ಬೆಳಕಿನಲ್ಲಿ ನೋಡುವುದು, ಬೇಸರಗೊಂಡು ತಿಕ್ಕಿ ತೆಗೆಯುವುದು, ಮತ್ತೆ ಬಚ್ಚಲಿಗೆ ಹೋಗುವುದು. ನಡುವೆ ಒಂದು ಸಲ ಆಸೆಯಾಗಿ ರೆಕ್ಕೆಯ ಬುಡದಲ್ಲಿ ಕಂಡೂ ಕಾಣದಂತೆ ಚೂರೇ ಚೂರು ಕಪ್ಪು ಹರಿಸಿದೆ. ಎಷ್ಟು ಚೆನ್ನಾಗಿ ಕಂಡಿತೆಂದರೆ, ಕಣ್ಣು ತುಂಬ ನೋಡಿ, ಆಮೇಲೆ ಅಳಿಸಿದೆ. ಕೊನೆಗೊಂದು ಸಂಜೆ ವಿಮಾನವನ್ನು ಊಟದ ಮೇಜಿನ ಮೇಲಿಟ್ಟು ದೂರ ನಿಂತು ನೋಡಿದೆ. ಅಂಗಡಿಯಿಂದ ತಂದ ಆಟಿಕೆಯಂತೆ ಕಂಡಿತು. ನನ್ನ ಕೈಯ ಗುರುತು ಎಲ್ಲಿಯೂ ಇರಲಿಲ್ಲ. ನಮ್ಮ ಮನೆಯವರು ಮಾತ್ರ, “ಇದೊಂದು ಖರೇನ ಹಾರ್ತದ ಅನಸ್ತದ ನೋಡು,” ಎಂದರು. ಜಳಕ ತಪ್ಪಿದ ಸಿಟ್ಟು ಇನ್ನೂ ಇದ್ದಿರಬೇಕು ಎಂದು ನಾನು ಅದನ್ನು ಹೊಗಳಿಕೆಯೆಂದು ಹಿಡಿಯಲಿಲ್ಲ.

ಹಲ್ಲಿನ ಸೆಟ್ಟು ಸಿದ್ಧವಾದ ದಿನವೇ ವಿಮಾನವನ್ನೂ ದವಾಖಾನೆಗೆ ಒಯ್ದೆ. ಮೊದಲು ಹಲ್ಲು ಕೂಡಿಸಿದೆ. ಹೊಸ ಹಲ್ಲು ಬಾಯಿಗೆ ಒಗ್ಗಲು ದಿನ ಹಿಡಿಯುತ್ತದೆ. ‘ಸ’ಕಾರ ಬಂದಲ್ಲೆಲ್ಲ ಸೀಟಿ ಹೊಡೆಯುತ್ತದೆ. ಚಂದಮ್ಮ ಗಂಡನ ಮುಖವನ್ನು ಒಮ್ಮೆ ನೋಡಿ, “ಹತ್ತು ವರ್ಷ ಸಣ್ಣೋರಾದ್ರಿ,” ಎಂದು ನಕ್ಕರು. ಆಮೇಲೆ ನಾನು ಪೆಟ್ಟಿಗೆ ತೆರೆದು ವಿಮಾನವನ್ನು ಮೇಜಿನ ಮೇಲಿಟ್ಟೆ.

ಮಲ್ಕಣ್ಣನವರು ಅದನ್ನು ಮುಟ್ಟಲಿಲ್ಲ. ಎದ್ದು ಮೇಜನ್ನು ಒಂದು ಸುತ್ತು ಹಾಕಿದರು. ಬಾಗಿ ಚಕ್ರಗಳನ್ನು ನೋಡಿದರು, ಹೊಟ್ಟೆಯ ಕೆಳಗೆ ನೋಡಿದರು, ಹಿಂದೆ ಹೋಗಿ ಬೆಂಕಿ ಬರುವ ಕೊಳವೆಯೊಳಗೆ ಇಣುಕಿದರು. ನನಗೆ ಪರೀಕ್ಷೆಯ ಕೋಣೆಯಲ್ಲಿ ನಿಂತಂತಾಯಿತು. ಎಡಗಡೆ ಬಂದು, ಪೈಲಟ್ ಕೂಡುವ ಜಾಗದ ಹತ್ತಿರ ನಿಂತು, ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

“ಏನರ ತಪ್ಪಾಗ್ಯಾದೇನ್ರಿ?” ಎಂದೆ.

“ಇಲ್ರಿ. ಛಲೋ ಅದ. ಭಾಳ ಛಲೋ ಅದ.” ಒಂದು ಬೆರಳನ್ನು ವಿಮಾನಕ್ಕೆ ತಾಗಿಸದೆ ಹತ್ತಿರ ಒಯ್ದರು. “ಇಲ್ಲಿ ಒಂದು ಗೀರು ಇರ್ತಿತ್ತು ಮೇಡಂ. ಕರೀ ಗೀರು. ಸಾಬ ಏಣಿ ಹತ್ತಿ ಒಳಗ ಕಾಲಿಡೋಮುಂದ ಬೂಟ ಇಲ್ಲಿ ತಿಕ್ಕತಿತ್ತು. ದಿನಾ ಹೇಳ್ತಿದ್ದೆ, ಸಾಬ, ಜರಾ ಕಾಲೆತ್ತಿ ಹಾಕ್ರಿ ಅಂತ. ಕೇಳ್ತಿದ್ದಿಲ್ಲ. ನಗಾಡೋದು, ಕುಂದ್ರೋದು. ನನ್ನ ಬಾಯಾಗ ಕೇಳಿ ಕೇಳಿ ಹೊಲಸ ಅನ್ನೋದೊಂದು ಮಾತು ಕಲತಿದ್ದ. ಇಳಿದು ಬಂದಕೂಡ್ಲೇ ತಾನೇ ಆ ಗೀರು ತೋರಿಸಿ ‘ಹೊಲಸ್, ಹೊಲಸ್’ ಅನ್ನಾಂವ. ಆಮ್ಯಾಲ ನಾ ಒರಸೋದು.”

ಹೊಸ ಹಲ್ಲಿನ ಸೀಟಿ ಪ್ರತಿ ‘ಸಾಬ’ದಲ್ಲೂ ಕೇಳುತ್ತಿತ್ತು. ಯಾರಿಗೂ ನಗು ಬರಲಿಲ್ಲ.

“ಅವತ್ತು?” ಎಂದು ಕೇಳಿದವರು ಚಂದಮ್ಮ. ಆಗ ನನಗೆ ತಿಳಿಯಿತು, ಈ ಭಾಗ ಅವರೂ ಕೇಳಿರಲಿಲ್ಲ.

“ಅವತ್ತೂ ತಿಕ್ಕಿದ್ದ. ನಾ ಬಟ್ಟಿ ಹಿಡಕೊಂಡು ಏಣಿ ಮ್ಯಾಗೇ ಇದ್ದೆ. ಒರಸಲಿಕ್ಕ ಹೋದೆ. ಸಾಬ ಕೈ ಮಾಡಿದ.” ಮಲ್ಕಣ್ಣನವರು ತಮ್ಮ ಅಂಗೈಯನ್ನು ಗಾಳಿಯಲ್ಲಿ ಎರಡು ಸಲ ಕೆಳಕ್ಕೆ ಆಡಿಸಿ ತೋರಿಸಿದರು. “ಈಗ ಬಿಡು, ಬಂದ ಮ್ಯಾಗ ಒರಸಂತಿ, ಅಂದಂಗ.”

ಆ ಕೈಯನ್ನು ಇಳಿಸಿ, “ನಾ ಏಣಿ ಇಳಿದೆ,” ಎಂದರು.

ಕಪಾಟಿನ ಕೆಳಗಿನ ಖಾನೆಯಲ್ಲಿ ನನ್ನ ಕಪ್ಪು ಪುಡಿಬಣ್ಣದ ಡಬ್ಬಿಯೂ ಒಂದು ಸಣ್ಣ ಕುಂಚವೂ ಇರುತ್ತವೆ. ತಂದು, ಎರಡು ಹನಿ ನೀರಲ್ಲಿ ಕಲಸಿ, ಕುಂಚವನ್ನು ಅವರ ಕೈಗೆ ಕೊಟ್ಟೆ. ಎಲ್ಲಿ, ಎಷ್ಟು ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಅವರು ಕನ್ನಡಕ ಹಾಕಿಕೊಂಡು, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು, ಉಸಿರು ಬಿಗಿಹಿಡಿದರು. ಗೀರು ಮೂಡಿತು, ಸೊಟ್ಟಗೆ, ದಪ್ಪಗೆ. ಆ ಪುಟ್ಟ ವಿಮಾನದ ಲೆಕ್ಕದಲ್ಲಿ ಅದು ಮನುಷ್ಯನ ಬೂಟಿನದಲ್ಲ, ಎತ್ತಿನ ಗೊರಸಿನ ಗುರುತಿನಂತಿತ್ತು. ಹತ್ತಿಯ ಕಡ್ಡಿಯೊಂದು ನನ್ನ ಕೈಗೆಟುಕುವಲ್ಲೇ ಇತ್ತು. ಅಂಚುಗಳನ್ನು ಚೂರು ತೆಳು ಮಾಡಲು ಒಂದು ನಿಮಿಷವೂ ಬೇಕಿರಲಿಲ್ಲ. ಎರಡೂ ಕೈಗಳನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ನಿಂತೆ.

ಚಂದಮ್ಮ ಹತ್ತಿರ ಬಂದು ಬಾಗಿ ನೋಡಿದರು. “ಇಷ್ಟು ದೊಡ್ಡ ಬೂಟ ಇದ್ದವೇನ್ರಿ ಅವಂದು?”

ಮಲ್ಕಣ್ಣನವರು ನಕ್ಕರು. ಹೊಸ ಹಲ್ಲುಗಳ ಸಾಲು ಪೂರ್ತಿಯಾಗಿ ಕಂಡದ್ದು ಆಗಲೇ. “ಹೂಂ. ಭಾಳ ಎತ್ತರಿದ್ದ. ಬಾಗಿ ಬಾಗಿ ಕುಂದರತಿದ್ದ,” ಎಂದು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಚಂದಮ್ಮ ಅವರ ಬೆನ್ನ ಮೇಲೆ ಕೈ ಇಟ್ಟರು.

ಬಣ್ಣ ಒಣಗಿತು. ಪುಡಿಬಣ್ಣದ ಗುಣ ನನಗೆ ಗೊತ್ತಿದ್ದದ್ದೇ: ಮೇಲೊಂದು ಕೋಟು ವಾರ್ನಿಶ್ ಕೊಡದಿದ್ದರೆ ನಿಲ್ಲುವುದಿಲ್ಲ, ಒದ್ದೆ ಬಟ್ಟೆ ತಾಗಿದರೆ ಸಾಕು. ವಿಮಾನವನ್ನು ಇನ್ನೊಂದು ದಿನ ಇಲ್ಲಿಯೇ ಬಿಟ್ಟರೆ ವಾರ್ನಿಶ್ ಹಚ್ಚಿ ಗೀರು ಕಾಯಮ್ಮಾಗಿ ಉಳಿಯುವಂತೆ ಮಾಡಿಕೊಡುತ್ತೇನೆ ಎಂದೆ.

ಮಲ್ಕಣ್ಣನವರು ಅಷ್ಟರಲ್ಲಿ ವಿಮಾನವನ್ನು ಎರಡೂ ಅಂಗೈಗಳ ಮೇಲೆ ಎತ್ತಿಕೊಂಡಾಗಿತ್ತು.

“ಬ್ಯಾಡ್ರಿ ಮೇಡಂ,” ಎಂದರು. “ಒರಸಿದ್ರ ಹೋಗೂವಂಗ ಇರ್ಲಿ.”